ಊರ ಗಾಯರಾಣ: ಕಾಯುವದು ಹೇಗೆ, ಬಳಸುವದು ಹೇಗೆ?

ಮುಂಗಾರಿ ಬಿತ್ತನೆ ಮುಗಿದ ಮರುದಿನ ಊರ ದನ ಎಲ್ಲಿ ನಿಲ್ಲಬೇಕು? ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಯಾವ ಹಳ್ಳಿಯಲ್ಲಿ ಈ ಪ್ರಶ್ನೆ ಕೇಳಿದರೂ ಹಿರಿಯರ ಕೈ ಊರ ಮೇಲಿನ ಮಾಳದ ಕಡೆಗೆ ಏಳುವದು. ಹೊಲಗಳೆಲ್ಲ ಬಿತ್ತಿ ಕಾವಲಿಗೆ ಬಂದಿವೆ. ಬದುವಿನ ಹುಲ್ಲು ಇನ್ನೂ ಕುಡುಗೋಲಿಗೆ ಸಿಗುವಷ್ಟು ಬೆಳೆದಿಲ್ಲ. ಹಿಂದಿನ ಸುಗ್ಗಿಯ ಬಣವೆ ತಳ ಕಂಡಿದೆ. ಆಗ ದನಕ್ಕೆ ಉಳಿದದ್ದು ಗಾಯರಾಣವೊಂದೇ. ಆದರೆ ಆ ಗಾಯರಾಣ ಎಷ್ಟು ಎಕರೆ, ಅದರ ಹದ್ದು ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಂದು ಮುಂದಿನ ಪ್ರಶ್ನೆ ಹಾಕಿದರೆ ಅದೇ ಹಿರಿಯರು ತಲೆ ಕೆರೆದುಕೊಳ್ಳುತ್ತಾರೆ. ಒಬ್ಬರು 60 ಎಕರೆ ಎನ್ನುತ್ತಾರೆ, ಇನ್ನೊಬ್ಬರು 40. ಇಬ್ಬರೂ ಸುಳ್ಳು ಹೇಳುವದಿಲ್ಲ. ಒಬ್ಬರು ಕಾಗದದ ಮಾತು ಹೇಳುತ್ತಾರೆ, ಇನ್ನೊಬ್ಬರು ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ನಡುವಿನ 20 ಎಕರೆ ಎಲ್ಲಿ ಹೋಯಿತು, ಉಳಿದದ್ದನ್ನು ಊರು ಹೇಗೆ ಕಾಯಬೇಕು, ಕಾಯುತ್ತಲೇ ಹೇಗೆ ಬಳಸಬೇಕು ಎಂಬುದೇ ಈ ಸಲದ ಪಾಠ.

ಗಾಯರಾಣ ಯಾರದು?

ಗಾಯರಾಣ ಪಂಚಾಯತಿಯದು, ಪಂಚಾಯತಿ ಸರಪಂಚರ ಕೈಯಲ್ಲಿದೆ, ಆದ್ದರಿಂದ ಕೊಡುವ ಬಿಡುವ ಮಾತು ಅವರದೇ ಎಂದು ನಂಬಿದವರು ನಮ್ಮಲ್ಲಿ ಬಹಳ. ಅದು ತಪ್ಪು. ಭೂಮಿ ಸರಕಾರದ್ದು, ಊರ ದನಗಳ ಮೇವಿಗೆಂದು ಬಿಟ್ಟದ್ದು, ಪಂಚಾಯತಿಗೆ ಇರುವದು ಉಸ್ತುವಾರಿ ಮಾತ್ರ. 1966ರ ಮಹಾರಾಷ್ಟ್ರ ಜಮೀನು ಮಹಸೂಲು ಕಾಯ್ದೆಯ 22ನೆಯ ಕಲಮಿನಂತೆ, ಯಾರ ಭೋಗವಟೆಯಲ್ಲೂ ಇಲ್ಲದ ಭೂಮಿಯನ್ನು ಕಲೆಕ್ಟರರು ದನಗಳ ಪುಕ್ಕಟೆ ಮೇವು, ಉರುವಲು, ಸ್ಮಶಾನ ಮೊದಲಾದ ಊರ ಕೆಲಸಕ್ಕೆ ತೆಗೆದಿಡಬಹುದು. ಹಾಗೆ ತೆಗೆದಿಟ್ಟ ಭೂಮಿಯನ್ನು ಅವರ ಮಂಜೂರಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಊರ ಭೂಮಿಯಲ್ಲಿ ನೂರಕ್ಕೆ 5 ಪಾಲಾದರೂ ದನಗಳಿಗೆ ಇರಬೇಕೆಂಬುದು ಇಲ್ಲಿಯ ಕಂದಾಯ ಆಡಳಿತದಲ್ಲಿ ಬಹುಕಾಲದಿಂದ ನಡೆದುಬಂದ ಅಳತೆ. ಗಡಿ ದಾಟಿ ಭಾಲ್ಕಿ, ಬಸವಕಲ್ಯಾಣ, ಆಳಂದಗಳಿಗೆ ಹೋದರೆ ಇದೇ ಭೂಮಿಯ ಹೆಸರು ಗೋಮಾಳ. ಅಲ್ಲಿಯ ಅಳತೆ ಭೂಮಿಯ ಮೇಲಲ್ಲ, ದನಗಳ ತಲೆಯ ಮೇಲೆ: 100 ದನಕ್ಕೆ 30 ಎಕರೆ. ಬೀಗರೂರಿಗೆ ಹೋದಾಗ ಹೋಲಿಸಿ ನೋಡಿರಿ. ಎರಡೂ ಕಡೆ ಕಾಗದಕ್ಕೂ ಮಾಳಕ್ಕೂ ತಾಳೆ ಬೀಳದ ಊರುಗಳೇ ಹೆಚ್ಚು ಸಿಕ್ಕಾವು.

ನಮ್ಮ ಮೂರು ತಾಲೂಕುಗಳ ಕಾಗದಕ್ಕೆ ಇನ್ನೊಂದು ತೊಡಕು ಇದೆ. 1956ರ ನವೆಂಬರ 1ರ ತನಕ ಇವೆಲ್ಲ ಹೈದರಾಬಾದ ರಾಜ್ಯದವು. ನಿಲಂಗಾ, ಉದಗೀರ ಬೀದರ ಜಿಲ್ಲೆಯಲ್ಲಿದ್ದವು. ಉಮರಗಾ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ಅಂದು ಬೀದರಿನ ದೊಡ್ಡ ಪಾಲು ಮೈಸೂರಿಗೆ ಹೋಯಿತು. ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಬಂದವು. ಲಾತೂರ ಜಿಲ್ಲೆ ಆದದ್ದು 1982ರಲ್ಲಿ. ಉಸ್ಮಾನಾಬಾದಕ್ಕೆ ಈಗ ಧಾರಾಶಿವ ಎಂಬ ಹೆಸರು. ನಿಜಾಮರ ಕಾಲದ 1317 ಫಸಲಿಯ ಕಂದಾಯ ಕಾಯ್ದೆ ಹೋಗಿ ಹೊಸ ಕಾಯ್ದೆ ಜಾರಿಗೆ ಬಂದದ್ದು 1967ರ ಆಗಸ್ಟ 15ರಂದು. ಹೀಗಾಗಿ ಹಳೆಯ ದಫ್ತರು ಉರ್ದುವಿನಲ್ಲಿ, ಹೊಸದು ಮರಾಠಿಯಲ್ಲಿ, ಊರ ಮಾತು ಕನ್ನಡದಲ್ಲಿ. ಹದ್ದಿನ ತಕರಾರು ಬಂದಾಗ 1954-55ರ ಖಾಸರಾ ಪಹಣಿಯನ್ನು ತೆಗೆಸಿ ನೋಡುವದು ಮರಾಠವಾಡದಲ್ಲಿ ವಾಡಿಕೆ. ಆ ಪಹಣಿಯಲ್ಲಿ ಗಾಯರಾಣವೆಂದು ಇದ್ದ ತುಂಡು ಇಂದಿನ ಸಾತಬಾರದಲ್ಲಿ ಬೇರೆಯವರ ಹೆಸರಿಗೆ ಕಂಡರೆ, ನಡುವೆ ಯಾವ ಹುಕುಮಿನಿಂದ ಬದಲಾಯಿತೆಂದು ಕೇಳುವ ಹಕ್ಕು ಊರಿಗೆ ಇದೆ.

ದನ ಕಡಿಮೆಯಾದವು, ಗಾಯರಾಣ ಏತಕ್ಕೆ?

ಇದು ಕಿರಿಯರ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಟ್ರ್ಯಾಕ್ಟರ ಬಂದ ಮೇಲೆ ಎತ್ತು ಕಡಿಮೆಯಾದದ್ದು ನಿಜ. ಆದರೆ ಮೇವು ಅದಕ್ಕಿಂತಲೂ ಬೇಗ ಕಡಿಮೆಯಾಯಿತು. ಮೊದಲು ನಮ್ಮ ಎರೆ ಹೊಲಗಳಲ್ಲಿ ಬಹಳಷ್ಟು ಮಳೆಗಾಲವೆಲ್ಲ ಖಾಲಿ ಇದ್ದು ಹಿಂಗಾರಿ ಜೋಳಕ್ಕೆ ಹದವಾಗುತ್ತಿದ್ದವು. ಜೋಳ ಬಂದರೆ ಮನುಷ್ಯನಿಗೆ ಕಾಳು, ದನಕ್ಕೆ ವರ್ಷದ ಕಣಿಕೆ. ಈಗ ಮುಂಗಾರಿಯಲ್ಲೇ ಹೊಲದ ತುಂಬ ಸೋಯಾಬೀನ. ಅದರ ಹೊಟ್ಟು ಜೋಳದ ಕಣಿಕೆಗೆ ಸಾಟಿಯಲ್ಲವೆಂಬುದನ್ನು ದನವೇ ಮೂಸಿ ಹೇಳುತ್ತದೆ. ಖಾಲಿ ಹೊಲವೂ ಹೋಯಿತು, ಕಣಿಕೆಯೂ ಹೋಯಿತು.

ಇನ್ನು ದೇವಣಿ ತಳಿಯ ಮಾತು. ಉದಗೀರದಿಂದ ಬೇರೆಯಾದ ದೇವಣಿ ತಾಲೂಕಿನ ಹೆಸರನ್ನೇ ಹೊತ್ತ ಈ ದನ ಗಡಿಯ ಎರಡೂ ಕಡೆಯದು. ಮೈಯೆಲ್ಲ ಬಿಳಿಯಾದರೆ ಬಾಲಂಕ್ಯಾ, ಮೈ ಬಿಳಿಯಾಗಿ ಮುಖ ಅಷ್ಟಿಷ್ಟು ಕಪ್ಪಾದರೆ ವಾನೇರಾ, ಅಲ್ಲಲ್ಲಿ ಕಪ್ಪು ಮಚ್ಚೆಯಾದರೆ ಶೇವರಾ. ಗಳೆಗೂ ಆಗುವ, ಹಾಲಿಗೂ ಆಗುವ, ಬಿಸಿಲಿಗೆ ಬಾಗದ ಈ ತಳಿ ಬೆಳೆದದ್ದು ಕೊಟ್ಟಿಗೆಯಲ್ಲಲ್ಲ, ಮಾಳದ ಮೇಲೆ. ಉದಗೀರದ ಪಶುವೈದ್ಯ ಕಾಲೇಜು ಎಷ್ಟೇ ಶ್ರಮಪಟ್ಟರೂ ಮಾಳವಿಲ್ಲದೆ ತಳಿ ಊರಲ್ಲಿ ಉಳಿಯುವದು ಕಠಿಣ.

ಇವೆರಡಕ್ಕೂ ಮೇಲಿನದು ನೀರು. ಗಾಯರಾಣ ಬಹುಮಟ್ಟಿಗೆ ಊರಿನ ಎತ್ತರದ ಜಾಗದಲ್ಲಿ, ಮೊರಂ ಭೂಮಿಯಲ್ಲಿ ಇರುತ್ತದೆ. ಮೇಲೆ ಒಂದು ಗೇಣು ಮಣ್ಣು, ಕೆಳಗೆ ಮೊರಂ, ಅದರ ಕೆಳಗೆ ಕರಿಕಲ್ಲು. ಹುಲ್ಲಿನ ಬೇರು ಇದ್ದರೆ ಮಳೆಯ ನೀರು ಮೊರಮಿನಲ್ಲಿ ಇಳಿದು, ಕಲ್ಲಿನ ಬಿರುಕು ಹಿಡಿದು, ಕೆಳಗಿನ ಹೊಲಗಳ ಬಾವಿಗೆ ಬರುವದು. ಹುಲ್ಲು ಹೋದರೆ ಆ ಗೇಣು ಮಣ್ಣು ನಾಲ್ಕು ದೊಡ್ಡ ಮಳೆಗೆ ತೇರಣಾ, ಮಾಂಜರಾ ನದಿಗಳ ದಾರಿ ಹಿಡಿಯುವದು, ಬಾವಿ ಬತ್ತುವದು. 2016ರ ಬೇಸಿಗೆಯಲ್ಲಿ ಮೀರಜದಿಂದ ರೈಲಿನಲ್ಲಿ ಲಾತೂರಿಗೆ ನೀರು ತಂದದ್ದನ್ನು ನಾವು ಕಂಡಿದ್ದೇವೆ. ಲಾತೂರ ಜಿಲ್ಲೆಯಲ್ಲಿ ಅರಣ್ಯ ನೂರಕ್ಕೆ ಒಂದು ಪಾಲೂ ಇಲ್ಲ. ಕಾಡಿಲ್ಲದ ನಾಡಿನಲ್ಲಿ ನೀರು ಹಿಡಿಯುವ ಕೆಲಸ ಗಾಯರಾಣದ ಮೇಲೆಯೇ ಬೀಳುವದು. ಆದ್ದರಿಂದ ಒಂದೂ ದನವಿಲ್ಲದ ಒಕ್ಕಲಿಗನೂ ಅದರ ಪಾಲುದಾರನೇ.

ಸರಕಾರಿ ಕಾಗದದಲ್ಲಿ ಇದಕ್ಕೆ ‘ಪಡೀತ’ ಎಂದು ಬರೆಯುತ್ತಾರೆ. ಪಡೀತ ಎಂದರೆ ಬಿತ್ತದೆ ಬಿಟ್ಟದ್ದು ಎಂದಷ್ಟೇ ಅರ್ಥ. ಕೆಲಸಕ್ಕೆ ಬಾರದ್ದು ಎಂದು ಓದಿಕೊಂಡವರಿಂದಲೇ ಬಹಳ ಹಾನಿಯಾಗಿದೆ.

ಕೇಳುವವರು ಎಷ್ಟು ಮಂದಿ

ಅತಿಕ್ರಮಣ ಎಂಬ ಒಂದೇ ಶಬ್ದದಲ್ಲಿ ಎಲ್ಲರನ್ನೂ ತುಂಬಿ ನೋಡುವದು ನ್ಯಾಯವಲ್ಲ. ಭೂಮಿಹೀನ ದಲಿತ ಕುಟುಂಬಗಳು ಗಾಯರಾಣದ ಕಲ್ಲು ಆರಿಸಿ, ಮೊರಂ ಅಗೆದು ಜೋಳ ಬಿತ್ತಿದ್ದಕ್ಕೆ ಒಂದು ಚರಿತ್ರೆ ಇದೆ. ದಾದಾಸಾಹೇಬ ಗಾಯಕವಾಡರ ಮುಂದಾಳುತನದಲ್ಲಿ 1959ರಲ್ಲೂ 1964ರಲ್ಲೂ ಭೂಮಿಹೀನರ ಸತ್ಯಾಗ್ರಹಗಳು ನಡೆದವು. ಸಾವಿರಾರು ಜನ ಸೆರೆಮನೆಗೆ ಹೋದರು. ಆ ಚಳವಳಿಯ ಫಲವಾಗಿಯೇ ಮುಂದೆ 1991ರ ನವೆಂಬರದಲ್ಲಿ ಸರಕಾರ ಒಂದು ನಿರ್ಣಯ ಹೊರಡಿಸಿ, 1990ರ ಏಪ್ರಿಲ 14ಕ್ಕೆ ಮೊದಲಿನಿಂದ ಸಾಗುವಳಿ ಮಾಡುತ್ತ ಬಂದ ಅರ್ಹ ಭೂಮಿಹೀನರ ಹೆಸರಿಗೆ ಅದನ್ನು ಸಕ್ರಮ ಮಾಡಲು ಒಪ್ಪಿತು. ಆ ಕುಟುಂಬಕ್ಕೆ ಎರಡು ಎಕರೆ ಮಾಳ ಎಂದರೆ ಮಗಳ ಮದುವೆ, ಮಗನ ಶಾಲೆ, ಗೌಡರ ಹೊಲದ ಕೂಲಿಯನ್ನು ಒಮ್ಮೆಯಾದರೂ ಬೇಡವೆನ್ನುವ ಧೈರ್ಯ.

ಇನ್ನೊಂದು ಬಗೆಯವರಿದ್ದಾರೆ. ಗಾಯರಾಣಕ್ಕೆ ಹೊಂದಿ ಸ್ವಂತ ಹೊಲ ಇರುವವರು. ಪ್ರತಿ ವರ್ಷ ಕುಂಟೆ ಹೊಡೆಯುವಾಗ ಬದುವನ್ನು ಎರಡು ಮೊಳ ಮೇಲೆ ಸರಿಸುವವರು. ಹತ್ತು ವರ್ಷಕ್ಕೆ ಇಪ್ಪತ್ತು ಮೊಳ. ಸಭೆಯಲ್ಲಿ ಗಾಯರಾಣ ಉಳಿಸಬೇಕೆಂದು ದೊಡ್ಡ ದನಿ ತೆಗೆಯುವವರೂ ಒಮ್ಮೊಮ್ಮೆ ಇವರೇ. ಬೇಲಿಯೇ ಎದ್ದು ಹೊಲ ಮೇಯುವದು ಎಂದರೆ ಇದೇ ಅಲ್ಲವೇ? ನೋಟೀಸು ಬಂದಾಗ ಮೊದಲು ಬಡವನ ಗುಡಿಸಲಿಗೆ ಅಂಟುವದು, ಇವರ ಬದು ಹಾಗೆಯೇ ಉಳಿಯುವದು.

2011ರ ಜನವರಿ 28ರಂದು ಪಂಜಾಬದ ಒಂದು ಊರ ಕೆರೆಯ ದಾವೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು, ಜಗಪಾಲ ಸಿಂಗ ಪ್ರಕರಣವನ್ನು, ಊರ ಭೂಮಿಯ ವಿಷಯದಲ್ಲಿ ಎಲ್ಲರೂ ಹೆಸರಿಸುತ್ತಾರೆ. ಊರವರೆಲ್ಲರ ಭೂಮಿಯ ಮೇಲಿನ ಅತಿಕ್ರಮಣಗಳನ್ನು ತೆಗೆಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಅದು ಹೇಳಿತು. ಬಹಳ ಜನ ಅಲ್ಲಿಗೇ ಓದುವದನ್ನು ನಿಲ್ಲಿಸುತ್ತಾರೆ. ಅದೇ ತೀರ್ಪಿನಲ್ಲಿ, ಸರಕಾರದ ಅಧಿಸೂಚನೆಯಂತೆ ಭೂಮಿಹೀನ ಕೂಲಿಕಾರರಿಗೆ ಅಥವಾ ಪರಿಶಿಷ್ಟ ಜಾತಿ, ಜಮಾತಿಗಳವರಿಗೆ ಕೊಟ್ಟದ್ದನ್ನೂ, ಶಾಲೆ, ದವಾಖಾನೆಗಳಂಥ ಸಾರ್ವಜನಿಕ ಉಪಯೋಗದ್ದನ್ನೂ ಬೇರೆಯಾಗಿ ನೋಡಬಹುದೆಂಬ ಮಾತೂ ಇದೆ. ಅದೇ ವರ್ಷದ ಜುಲೈ 12ರಂದು ಮಹಾರಾಷ್ಟ್ರ ಸರಕಾರ ತನ್ನ ನಿರ್ಣಯ ಹೊರಡಿಸಿತು. 2022ರಲ್ಲಿ ಬಾಂಬೆ ಹೈಕೋರ್ಟು ಗಾಯರಾಣಗಳ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡ ಮೇಲೆ ಊರೂರಲ್ಲಿ ಗಾಬರಿಯಾಯಿತು. ಗಾಬರಿಗೆ ಕಾರಣ ತೀರ್ಪಿಗಿಂತ ಹೆಚ್ಚಾಗಿ, ಯಾವ ತುಂಡು ಯಾವ ಬಗೆಯದೆಂಬ ಪಟ್ಟಿ ಊರಿನ ಕೈಯಲ್ಲಿ ಇಲ್ಲದಿರುವದು.

ಈಚೆಗೆ ಇನ್ನೊಬ್ಬ ಕೇಳುವವ ಬಂದಿದ್ದಾನೆ: ಸೂರ್ಯನ ಬಿಸಿಲಿನಿಂದ ವಿದ್ಯುತ್ತು. 2017ರಲ್ಲಿ ಆರಂಭವಾದ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಗೆ ಉಪಕೇಂದ್ರಗಳ ಹತ್ತಿರದ ಸರಕಾರಿ ಭೂಮಿ, ಅದರಲ್ಲಿ ಗಾಯರಾಣವೂ, ಬೇಕಾಗುತ್ತಿದೆ. ಪಂಪಿಗೆ ಹಗಲು ವಿದ್ಯುತ್ತು ಬಂದರೆ ರಾತ್ರಿ ಹಾವು ಚೇಳುಗಳ ನಡುವೆ ನೀರು ಕಟ್ಟುವದು ತಪ್ಪುವದು. ಅದು ಸಣ್ಣ ಲಾಭವಲ್ಲ. ಆದರೆ ಕನ್ನಡಿ ಹಲಗೆ ನೆಟ್ಟು ತಂತಿ ಬೇಲಿ ಹಾಕಿದ ಮೇಲೆ ದನದ ದಾರಿ, ಸ್ಮಶಾನದ ದಾರಿ ಎಲ್ಲಿಂದ? ಬೇಡ ಎನ್ನುವ ಮೊದಲು, ಹೂಂ ಎನ್ನುವದಕ್ಕೂ ಮೊದಲು, ಯಾವ ಗಟ ನಂಬರು, ಎಷ್ಟು ಎಕರೆ, ಎಷ್ಟು ವರ್ಷ, ದಾರಿ ಎಲ್ಲಿ, ಊರಿಗೆ ಏನು ಎಂಬುದನ್ನು ನಕಾಶೆಯ ಮೇಲೆ ಬೆರಳಿಟ್ಟು ಕೇಳಬೇಕು. 1993ರ ಸಪ್ಟೆಂಬರ 30ರ ಭೂಕಂಪದ ಮೇಲೆ ಕಿಲ್ಲಾರಿಯ ಸುತ್ತ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿದಾಗ, ಹೊಸ ಊರುಗಳು ಹಳೆಯವಕ್ಕಿಂತ ಹಲವು ಪಟ್ಟು ನೆಲ ಹಿಡಿದವು. ದುಃಖದ ಅವಸರದಲ್ಲಿ ಯಾರೂ ಅಳೆಯಲಿಲ್ಲ, ಅದು ಕ್ಷಮ್ಯ. ಇಂದು ಅವಸರವಿಲ್ಲ.

ಬೀಗ ಹಾಕಿದ ಮಾಳ, ಬಾಗಿಲಿಟ್ಟ ಮಾಳ

ಹಾಗಾದರೆ ಮಾಳಕ್ಕೆ ಬೇಲಿ ಹಾಕಿ ಯಾರೂ ಹೋಗದಂತೆ ಮಾಡಿದರೆ ಉಳಿಯುವದೇ? ಇದಕ್ಕೆ ಉತ್ತರ ಉಮರಗಾದವರಿಗೆ ದೂರವಿಲ್ಲ. ಹೆದ್ದಾರಿ ಹಿಡಿದು ಸೋಲಾಪುರಕ್ಕೆ ಹೋಗಿ, ಅಲ್ಲಿಂದ ಬಾರ್ಶಿಯ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರು ನಡೆದರೆ ನಾನ್ನಜ ಎಂಬ ಊರು. ಅಲ್ಲಿ ಮಾಳಢೋಕ ಹಕ್ಕಿಗೆ, ನಮ್ಮ ಕಡೆ ಎರೆಭೂತ ಎನ್ನುವ ಆ ದೊಡ್ಡ ಹಕ್ಕಿಗೆ, 1979ರಲ್ಲಿ ಅಭಯಾರಣ್ಯ ಘೋಷಿಸಿದರು. ಬರಪೀಡಿತ ಪ್ರದೇಶದ ಯೋಜನೆಯಲ್ಲಿ ಕಾದು ಬೆಳೆಸಿದ ಸಣ್ಣ ಸಣ್ಣ ಹುಲ್ಲಿನ ತುಂಡುಗಳೇ ಹಕ್ಕಿಗೆ ಬೇಕಾಗಿದ್ದವು. ಆದರೆ ಗೆರೆ ಎಳೆಯುವಾಗ ಸೋಲಾಪುರ, ಅಹಮದನಗರ ಜಿಲ್ಲೆಗಳ ಊರುಗಳನ್ನೂ, ಸಾಗುವಳಿಯ ಹೊಲಗಳನ್ನೂ ಒಳಗೆ ಹಾಕಿ 8,496 ಚದರ ಕಿಲೋಮೀಟರು ಮಾಡಿದರು. ಫಲವೇನಾಯಿತೆಂದರೆ, ಸ್ವಂತ ಹೊಲದಲ್ಲಿ ಏನು ಮಾಡಬೇಕೆಂದರೂ ಪರವಾನಗಿಯ ಅಡ್ಡಿ. ಒಕ್ಕಲಿಗನಿಗೆ ಹಕ್ಕಿಯೇ ವೈರಿಯಾಗಿ ಕಂಡಿತು. ಕೊನೆಗೆ 2012ರಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆಯಿಂದ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಗೆರೆ ಸಣ್ಣದಾಯಿತು, ಆದರೆ ಅಷ್ಟರಲ್ಲಿ ಹಕ್ಕಿ ಕಾಣುವದೇ ಅಪರೂಪವಾಗಿತ್ತು. ಹಕ್ಕಿ ಕಡಿಮೆಯಾಗಲು ಬೇರೆ ಕಾರಣಗಳೂ ಇದ್ದವು. ಆದರೆ ಸುತ್ತಲಿನ ಜನರ ಮನಸ್ಸು ಮುರಿದ ಮೇಲೆ ಕಾವಲುಗಾರ ಒಬ್ಬನೇ ಏನು ಕಾದಾನು?

ಇನ್ನೊಂದು ಊರು ಅಹಮದನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ. ಅಲ್ಲಿ ಮಳೆ ನಮ್ಮದರ ಅರ್ಧದಷ್ಟು: ನಮಗೆ ಸರಾಸರಿ 30 ಅಂಗುಲದ ಆಸುಪಾಸು ಬಿದ್ದರೆ ಅವರಿಗೆ 16. ಪೋಪಟರಾವ ಪವಾರರು 1989ರಲ್ಲಿ ಮುಂದಾಳುತನ ವಹಿಸಿದ ಮೇಲೆ ಊರವರು ಗುಡ್ಡದ ಮೇಲೆ ದನ ಬಿಡುವದನ್ನು ನಿಲ್ಲಿಸಿದರು, ಕೊಡಲಿ ಹಾಕುವದನ್ನು ನಿಲ್ಲಿಸಿದರು, ಒಕ್ಕಲುತನಕ್ಕೆ ಕೊಳವೆ ಬಾವಿ ತೋಡುವದನ್ನೂ ನಿಲ್ಲಿಸಿದರು. ಆದರೆ ಹುಲ್ಲನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹಣ ಪಂಚಾಯತಿಗೆ ಕೊಟ್ಟು ಕುಡುಗೋಲಿನಿಂದ ಕೊಯ್ದು ಹೊತ್ತೊಯ್ಯಬಹುದು. ದನ ಮಾಳಕ್ಕೆ ಹೋಗುವ ಬದಲು ಮಾಳವೇ ದನದ ಹತ್ತಿರ ಬಂದಿತು. ಬಾಗಿಲು ಇದೆ, ಬಾಗಿಲಿಗೆ ಒಂದು ರೀತಿ ಇದೆ. ಇದು ನಮಗೆ ಹಿಡಿಸುವ ಮಾದರಿ. ಆದರೂ ಒಂದು ಎಚ್ಚರ ಬೇಕು. ದನ ಬಿಡುವದು ನಿಂತಾಗ ಮೊದಲ ಪೆಟ್ಟು ಬೀಳುವದು ನಾಲ್ಕು ಆಡು ಸಾಕಿದ ವಿಧವೆಗೆ, ಹಿಂಡು ಹೊಡೆದುಕೊಂಡು ಬರುವ ಕುರುಬನಿಗೆ. ಅವರನ್ನು ಲೆಕ್ಕಕ್ಕೆ ಹಿಡಿಯದ ರೀತಿಯನ್ನು ಅವರು ರಾತ್ರಿ ಮುರಿಯುತ್ತಾರೆ. ಹೊಟ್ಟೆ ಮುರಿಸುತ್ತದೆ.

ಒಂದು ಊರಿನ ಲೆಕ್ಕ

ಕಾಗದದಲ್ಲಿ 60 ಎಕರೆ ಗಾಯರಾಣ ಇರುವ ಒಂದು ಊರನ್ನು ಹಿಡಿಯೋಣ. ಮೋಜಣಿ ಮಾಡಿಸಿದಾಗ 8 ಎಕರೆ ಭೂಮಿಹೀನರ ಹಳೆಯ ಸಾಗುವಳಿಯದು, ಪುರಾವೆ ಇದೆ. 2 ಎಕರೆಯಲ್ಲಿ ಶಾಲೆ, ಸ್ಮಶಾನ. 4 ಎಕರೆ ಹೊಂದಿಕೊಂಡ ಹೊಲದವರು ಬದು ಸರಿಸಿ ಒಳಗೆ ಹಾಕಿಕೊಂಡದ್ದು. ಮೊದಲ 8 ಎಕರೆಗೆ ಹದ್ದುಗಲ್ಲು ನೆಟ್ಟು, ಸಕ್ರಮದ ಅರ್ಜಿಗೆ ಗ್ರಾಮಸಭೆಯೇ ಬೆಂಬಲದ ಠರಾವು ಮಾಡಲಿ. ಅದರಿಂದ ಎರಡು ಲಾಭ: ಆ ಕುಟುಂಬಗಳಿಗೆ ನೆಮ್ಮದಿ, ಮತ್ತು ಆ ಕಲ್ಲಿನಿಂದ ಮುಂದೆ ಇನ್ನೊಂದು ಕುಂಟೆಯೂ ಹೋಗದೆಂದು ಅವರೇ ಕಾವಲು. ಸರಿಸಿದ ಬದು ಹಿಂದಕ್ಕೆ ಬರಲಿ. ಆಗ ಕೈಯಲ್ಲಿ 50 ಎಕರೆ.

ಇದರಲ್ಲಿ ಊರ ಬದಿಯ 5 ಎಕರೆ ಯಾವಾಗಲೂ ತೆರೆದಿರಲಿ: ಬೆಳಗ್ಗೆ ದನ ಕೂಡುವ ಜಾಗ, ನೀರಿನ ದೋಣಿ, ರಾಶಿಯ ಕಣ, ದಾರಿ. ಇಲ್ಲಿ ಹುಲ್ಲು ಬೆಳೆಯುವದಿಲ್ಲ; ಬೆಳೆಯಬೇಕೆಂಬ ಆಸೆಯೂ ಬೇಡ. ಉಳಿದ 45ನ್ನು 15ರಂತೆ ಮೂರು ತುಂಡು ಮಾಡಿರಿ. ಒಂದು ತುಂಡು ವರ್ಷವಿಡೀ ಮುಚ್ಚು. ಅಲ್ಲಿ ಬೀಜ ಉದುರಿದ ಮೇಲೆ, ದೀಪಾವಳಿಯ ಹೊತ್ತಿಗೆ, ಕೊಯ್ಲು ಮಾತ್ರ. ಇನ್ನೊಂದು ತುಂಡಿಗೆ ಮಳೆ ಬಿದ್ದಂದಿನಿಂದ ಹುಲ್ಲು ತೆನೆ ಒಡೆಯುವ ತನಕ ದನ ಬೇಡ, ಅನಂತರ ಬಿಡಬಹುದು. ಮೂರನೆಯದು ತೆರೆದದ್ದು, ಆಡು ಕುರಿಗೂ ಅಲ್ಲಿ ಜಾಗ. ಮರುವರ್ಷ ತುಂಡು ಬದಲು. ತೀರ ಕೆಟ್ಟ ತುಂಡನ್ನು ಮೊದಲ ಸಲ ಎರಡು ವರ್ಷ ಮುಚ್ಚುವದು ಒಳ್ಳೆಯದು.

ಇದರಿಂದ ಎಷ್ಟು ಮೇವು? ಮಳೆ ಮಣ್ಣು ನೋಡಿ ಹೆಚ್ಚು ಕಡಿಮೆಯಾಗುವದಾದರೂ ಸುಮಾರು ಲೆಕ್ಕ ಹೀಗೆ. ಬೇಕಾಬಿಟ್ಟಿ ಮೇದ ಮಾಳದಲ್ಲಿ ಎಕರೆಗೆ 4 ಕ್ವಿಂಟಲು ಒಣಹುಲ್ಲು, ಕಾದರೆ 10. ಅಂದರೆ 45 ಎಕರೆಗೆ 180ರ ಬದಲು 450 ಕ್ವಿಂಟಲು. ಒಂದು ದೊಡ್ಡ ಆಕಳಿಗೆ ದಿನಕ್ಕೆ ಒಣ ಲೆಕ್ಕದಲ್ಲಿ 10 ಕಿಲೋ ಮೇವು ಹಿಡಿದರೆ ವರ್ಷಕ್ಕೆ 36 ಕ್ವಿಂಟಲು. ಹೀಗೆ ಕಾದ ಮಾಳ ವರ್ಷವಿಡೀ ಸಾಕುವದು 12 ಆಕಳನ್ನು ಮಾತ್ರ. ಊರ ದನವನ್ನೆಲ್ಲ ಗಾಯರಾಣ ಸಾಕುವದೆಂದು ಭಾಷಣದಲ್ಲಿ ಹೇಳುವವರು ಈ ಗುಣಾಕಾರ ಮಾಡಿ ನೋಡಬೇಕು. ಆದರೆ ಹೊಲ ಮುಚ್ಚಿರುವ ನಾಲ್ಕು ತಿಂಗಳಿಗಷ್ಟೇ ಲೆಕ್ಕ ಹಿಡಿದರೆ 37 ಆಕಳಿಗೆ ಸಾಕು. ಕಾಯದ ಮಾಳದಲ್ಲಿ ಅದು 15ಕ್ಕೇ ಮುಗಿಯುವದು. ಆ 37ರಲ್ಲಿ ಮೊದಲ ಪಾಲು ಹೊಲವಿಲ್ಲದವರ ದನಕ್ಕೆ ಇರಲಿ. ಬದು ಇದ್ದವರಿಗೆ ಬದುವಿನ ಹುಲ್ಲು ಇದೆ.

ಹುಲ್ಲು ಯಾವುದೆಂಬುದೂ ಮುಖ್ಯ. ಕಾದ ಮಾಳದಲ್ಲಿ ಪವನ್ಯಾ, ಮಾರವೇಲ ಮೊದಲಾದ ರುಚಿಯ ಹುಲ್ಲು ತಾವಾಗಿ ಬರುವವು. ಮೇದು ಸವೆದಂತೆ ಬಟ್ಟೆಗೆ ಚುಚ್ಚುವ ಊಬಿನ ಕುಸಳಿ ಹುಲ್ಲು ಹೆಚ್ಚುವದು, ಕೊನೆಗೆ ದನ ಮೂಸಿಯೂ ನೋಡದ ಕಡ್ಡಿ ಹುಲ್ಲು ಉಳಿಯುವದು. ನಿಮ್ಮ ಧೋತರಕ್ಕೆ ಎಷ್ಟು ಕುಸಳಿ ಅಂಟಿತೆಂಬುದೇ ಮಾಳದ ನಾಡಿ. ಜೊತೆಗೆ ಸ್ಟೈಲೋ ಎಂಬ ಬೇಳೆ ಜಾತಿಯ ಮೇವು ಚೆಲ್ಲಬಹುದು; ಅದರ ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಕೆಲವೇ ನಿಮಿಷ ಬಿಸಿ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು. ಗಿಡಗಳನ್ನು ಹದ್ದಿನ ಗುಂಟ ನೆಡಿರಿ: ಬೇವು, ಬನ್ನಿ, ಕರಿಜಾಲಿ. ಮಾಳದ ತುಂಬ ಗಿಡ ನೆಟ್ಟು ಫಲಕ ಹಾಕುವ ಹುಮ್ಮಸ್ಸು ಬೇಡ; ನೆರಳಿಗೆ ಹುಲ್ಲು ಸಾಯುವದು. ಬಳ್ಳಾರಿ ಜಾಲಿಯನ್ನಂತೂ ಕಂಡಲ್ಲಿ ಬುಡ ಸಹಿತ ಕೀಳಿರಿ.

ನೀರು ಇಳಿಸಲು ಮೇಲಿನಿಂದ ಕೆಳಕ್ಕೆ ಸಮಪಾತಳಿಯ ಚರಗಳನ್ನು ತೋಡಬೇಕು: 2 ಅಡಿ ಅಗಲ, 1 ಅಡಿ ಆಳ, ಮಣ್ಣು ಕೆಳಬದಿಗೆ, ಚರಕ್ಕೂ ಮಣ್ಣಿಗೂ ನಡುವೆ ಒಂದು ಅಡಿ ಬಿಡುವು. ಎಲ್ಲ ಬಲ್ಲವರೂ ತಪ್ಪುವದು ಮಟ್ಟ ಹಿಡಿಯುವಲ್ಲಿ. ಇಂಜಿನಿಯರರ ದುರ್ಬೀನು ಬೇಕಿಲ್ಲ. ಎರಡು ಸಮನಾದ ಕೋಲುಗಳನ್ನು ಮೇಲ್ತುದಿಯಲ್ಲಿ ಕಟ್ಟಿ ಕಾಲು ಅಗಲಿಸಿ, ನಡುವೆ ಒಂದು ಅಡ್ಡಕೋಲು ಬಿಗಿಯಿರಿ. ಮೇಲ್ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಿರಿ. ಎರಡು ಗೂಟದ ಮೇಲೆ ನಿಲ್ಲಿಸಿ ದಾರ ಅಡ್ಡಕೋಲನ್ನು ದಾಟುವಲ್ಲಿ ಗುರುತು ಮಾಡಿರಿ. ಕಾಲು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ನಿಲ್ಲಿಸಿ ಇನ್ನೊಂದು ಗುರುತು. ಎರಡರ ನಟ್ಟನಡುವಿನ ಗುರುತೇ ಸಮಮಟ್ಟ. ದಾರ ಅಲ್ಲಿಯೇ ನಿಲ್ಲುವಂತೆ ಒಂದೊಂದೇ ಹೆಜ್ಜೆ ಕೋಲು ನಡೆಸುತ್ತ ಸುಣ್ಣ ಹಾಕುತ್ತ ಹೋದರೆ ಚರದ ಗೆರೆ ಸಿದ್ಧ. ಶಾಲೆಯ ಹುಡುಗರು ಒಂದು ಮುಂಜಾನೆಯಲ್ಲಿ ಕಲಿಯುತ್ತಾರೆ. ಇದು ಮೊರಂ ಮಾಳದ ಕೆಲಸ. ಆಳವಾದ ಎರೆಯಲ್ಲಿ ಸಮಪಾತಳಿಯ ಒಡ್ಡು ಹಾಕಿ ಸೋಲಾಪುರ, ವಿಜಾಪುರಗಳ ಕಡೆ ಹಿಂದೆ ಕೈ ಸುಟ್ಟುಕೊಂಡರು: ಮಳೆಯಲ್ಲಿ ನೀರು ನಿಂತು ಬೆಳೆ ಕೊಳೆಯಿತು, ಬೇಸಿಗೆಯಲ್ಲಿ ಬಿರಿದ ಒಡ್ಡು ಮರುಮಳೆಗೆ ಒಡೆಯಿತು.

ಕಾಗದ ಮತ್ತು ಸಭೆ

ಯೋಜನೆ ಎಷ್ಟೇ ಒಳ್ಳೆಯದಿದ್ದರೂ ಗ್ರಾಮಸಭೆಯ ಠರಾವು ಇಲ್ಲದಿದ್ದರೆ ಅದು ಕಟ್ಟೆಯ ಮಾತು. ವರ್ಷಕ್ಕೆ ನಾಲ್ಕು ಗ್ರಾಮಸಭೆ ಆಗಲೇಬೇಕು. ಅದಕ್ಕೂ ಮೊದಲು ಹೆಂಗಸರ ಸಭೆ. ಮತದಾರರಲ್ಲಿ ನೂರಕ್ಕೆ 15 ಮಂದಿ ಅಥವಾ ಒಟ್ಟು 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಕೂಡಬೇಕು. ಹುಲ್ಲು ಕೊಯ್ಯುವವರು, ಆಡು ಕಾಯುವವರು ಹೆಂಗಸರೇ ಆದ್ದರಿಂದ ಯಾವ ತುಂಡು ಮೊದಲು ಮುಚ್ಚಬೇಕೆಂಬ ಮಾತು ಅವರ ಸಭೆಯಲ್ಲಿ ಮೊದಲು ಬರಲಿ.

ಸಭೆಯ ಕಾಗದ ಮರಾಠಿಯಲ್ಲಿರುವದೆಂದು ನಮ್ಮ ಕನ್ನಡದ ಹಿರಿಯರು ಹಿಂದೆ ಕೂಡುತ್ತಾರೆ; ನೋಟೀಸು ಚಾವಡಿಯ ಗೋಡೆಯ ಮೇಲೆ ಇದ್ದಲ್ಲೇ ಇದ್ದು, ಅದರ ಮುದ್ದತ್ತು ಮುಗಿದ ಮೇಲೆ ಯಾರೋ ಓದಿ ಹೇಳುತ್ತಾರೆ. ಆದರೆ ಈ ಶಬ್ದಗಳನ್ನು ನೋಡಿರಿ: ಗಾಯರಾಣ, ಅತಿಕ್ರಮಣ, ಮೋಜಣಿ, ನಕಾಶೆ, ಹದ್ದು, ಠರಾವು. ಇವು ನಮ್ಮ ಬಾಯಲ್ಲೂ ಇವೆ. ಹೊಸದಾಗಿ ಕಲಿಯಬೇಕಾದ್ದು ‘ಹರಕತ’ ಒಂದೇ, ಹಾಗೆಂದರೆ ತಕರಾರು. ‘ಹರಕತ ಮಾಗವಿಣೇ’ ಎಂದು ನೋಟೀಸಿನಲ್ಲಿ ಕಂಡರೆ ತಕರಾರು ಕೇಳಿದ್ದಾರೆಂದು ಅರ್ಥ. ಅದರಲ್ಲಿ ಕೊಟ್ಟ ತಾರೀಖನ್ನು ಆ ದಿನವೇ ಬರೆದಿಟ್ಟುಕೊಳ್ಳಿರಿ. ಓದಬಲ್ಲ ಹುಡುಗಿಯೊಬ್ಬಳಿಗೆ ವಾರಕ್ಕೊಮ್ಮೆ ಚಾವಡಿಯ ಗೋಡೆ ನೋಡಿ ಬರುವ ಕೆಲಸ ಒಪ್ಪಿಸಿದರೂ ಆಯಿತು.

ತರಿಸಬೇಕಾದ ಕಾಗದಗಳು ಹೆಚ್ಚಿಲ್ಲ. ಗಾಯರಾಣದ ಪ್ರತಿ ಗಟ ನಂಬರಿನ ಸಾತಬಾರಾ. ಭೂಮಿ ಅಭಿಲೇಖ ಕಚೇರಿಯಿಂದ ಊರ ನಕಾಶೆ. ಹಳೆಯ ಖಾಸರಾ ಪಹಣಿಯ ನಕಲು. ಮತ್ತು ‘ಗಾವ ನಮೂನೆ 1-ಇ’, ಅಂದರೆ ಅತಿಕ್ರಮಣಗಳ ವಹಿ. ಈ ಕೊನೆಯದು ಊರ ಕಂದಾಯ ಅಧಿಕಾರಿಯ, ನಾವು ಈಗಲೂ ತಲಾಠಿ ಎನ್ನುವವರ, ಹತ್ತಿರ ಇರಬೇಕು. ಭೂಮಿಹೀನರ ಹೆಸರು ಅದರಲ್ಲಿ ಯಾವ ವರ್ಷದಿಂದ ಇದೆಯೆಂಬುದೇ ಅವರ ದೊಡ್ಡ ಪುರಾವೆ. ಬದು ಸರಿಸಿದವರ ಹೆಸರು ಅದರಲ್ಲಿ ಇಲ್ಲದಿದ್ದರೆ ಏಕೆ ಇಲ್ಲ ಎಂಬುದು ಸಭೆಯ ಪ್ರಶ್ನೆ. ಸಾತಬಾರಾ ಈಗ ಮಹಾಭೂಲೇಖದ ಮೂಲಕ ಮೊಬೈಲಿನಲ್ಲಿಯೂ ಕಾಣುವದು. ಆದರೆ ಸಭೆಯ ಮುಂದಿಡಲು ಸಹಿ ಇದ್ದ ನಕಲು ಬೇಕು.

ಮೋಜಣಿಗೆ ಮೊದಲು ಊರೇ ಒಮ್ಮೆ ಹದ್ದು ಸುತ್ತುವದು ಒಳ್ಳೆಯದು. ಎಳ್ಳಮಾವಾಸ್ಯೆಗೆ ಗಡಿಯ ಈ ಕಡೆಯೂ ಆ ಕಡೆಯೂ ಇಡೀ ಊರು ಬುತ್ತಿ ಹೊತ್ತು ಹೊಲಕ್ಕೆ ಹೋಗುವದು. ಅಂದು ಭಜ್ಜಿ, ಅಂಬಲಿ ಉಂಡ ಮೇಲೆ ಹಿರಿಯರಿಬ್ಬರು, ಹುಡುಗರು ನಾಲ್ವರು ನಕಾಶೆ ಹಿಡಿದು ಗಾಯರಾಣ ಸುತ್ತಿ, ಇದ್ದ ಕಲ್ಲಿಗೆ ಸುಣ್ಣ ಬಳಿದು, ಇಲ್ಲದ ಕಲ್ಲಿನ ಜಾಗ ಬರೆದುಕೊಳ್ಳಲಿ. ಅನಂತರ ಮೋಜಣಿಗೆ ಅರ್ಜಿ ಪಂಚಾಯತಿಯ ಹೆಸರಿನಲ್ಲಿ ಹೋಗಲಿ. ಅರ್ಜಿಯ ಎರಡು ಪ್ರತಿ ಮಾಡಿಸಿ, ನಿಮ್ಮ ಪ್ರತಿಯ ಮೇಲೆ ತಾರೀಖು ಸಹಿತ ‘ಪೋಚ’ ಬರೆಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿರಿ.